ಚೀಟಿ ಕಳಿಸಿ ಸೋತ ಪಾಠ: ಸಂದೇಶ ರವಾನೆ ತಂತ್ರಾಂಶವನ್ನು ಅಳೆಯುವುದು ಹೇಗೆ?

ತರಗತಿ: 10
ವಿಷಯ: ಗಣಿತ
ಘಟಕ: ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿ
ಅವಧಿ: 2
ಪೂರ್ವಜ್ಞಾನ: ನಕ್ಷೆ ಎಳೆಯುವುದು, ಆದೇಶ ವಿಧಾನ

ಈ ಘಟಕದ ಲೆಕ್ಕಗಳು ಹೆಚ್ಚಾಗಿ ಪೆನ್ನು, ಪೆನ್ಸಿಲ್ ಬೆಲೆಯಲ್ಲೇ ಮುಗಿಯುತ್ತವೆ. ಎರಡು ರೇಖೆಗಳು ಸೇರುವ ಬಿಂದು ಒಂದು ತೀರ್ಮಾನವನ್ನೂ ಹೇಳುತ್ತದೆ ಎಂದು ತೋರಿಸಲು ಕಮ್ಮರಡಿಯ ಬೋಧನಾಭ್ಯಾಸದಲ್ಲಿ ಈ ಪಾಠ ಮಾಡಿದೆ.

ಹಿನ್ನೆಲೆ

ಹವಾಮಾನ ಮುನ್ಸೂಚನೆಯಂಥ ದೊಡ್ಡ ಲೆಕ್ಕವನ್ನು ಹಲವು ಸಂಸ್ಕಾರಕಗಳಿಗೆ ಹಂಚಬೇಕಾಗುತ್ತದೆ. ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯ 1986ರಲ್ಲೇ 'ಫ್ಲೋಸಾಲ್ವರ್' ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ 'ಪರಮ್ ಪ್ರವೇಗ' ಬಂತು. ಇಂಥ ಇಂದಿನ ಯಂತ್ರಗಳಲ್ಲಿ ಅನೇಕ ಕಂಪ್ಯೂಟರ್‌ಗಳು ಜೊತೆಗೂಡಿ ದುಡಿಯುತ್ತವೆ. ಒಂದರ ಸ್ಮೃತಿಯಲ್ಲಿರುವ ಸಂಖ್ಯೆ ಇನ್ನೊಂದಕ್ಕೆ ಬೇಕಾದರೆ ಸಂದೇಶವಾಗಿ ಕಳಿಸಬೇಕು. ಇದಕ್ಕೆ 1994ರಲ್ಲಿ ಎಂಪಿಐ ಎಂಬ ಮಾನದಂಡ ಪ್ರಕಟವಾಯಿತು. ಎಂಪಿಚ್, ಓಪನ್ ಎಂಪಿಐ ಎರಡೂ ಅದನ್ನು ಅನುಸರಿಸುವ ತಂತ್ರಾಂಶಗಳು. ಒಂದೇ ಪ್ರೋಗ್ರಾಂ ಎರಡರಲ್ಲೂ ನಡೆಯುವುದರಿಂದ ಯಾವುದನ್ನು ಆರಿಸಬೇಕೆಂಬ ಪ್ರಶ್ನೆ ಏಳುತ್ತದೆ.

ಮೊದಲ ಅವಧಿ: ಚಟುವಟಿಕೆ

80 ಸಂಖ್ಯೆಗಳನ್ನು ಕೂಡುವ ಕೆಲಸ. ಒಂದು ಕಡೆ ಒಬ್ಬಳೇ ವಿದ್ಯಾರ್ಥಿನಿ, ಇನ್ನೊಂದು ಕಡೆ ನಾಲ್ಕು ಬೆಂಚುಗಳು. ಬೆಂಚುಗಳಿಗೆ ಚೀಟಿ ಮುಟ್ಟಿಸಲು ಒಬ್ಬ ಹುಡುಗ. ಒಂದು ಚೀಟಿಗೆ ಒಂದೇ ಸಂಖ್ಯೆ. 'ನಾಲ್ಕು ಗುಂಪು ಬೇಗ ಮುಗಿಸುತ್ತದೆ' ಎಂದು ಪಾಠಯೋಜನೆಯಲ್ಲಿ ಮೊದಲೇ ಬರೆದುಬಿಟ್ಟಿದ್ದೆ. ಒಬ್ಬಳೇ ಗೆದ್ದಳು. ತರಗತಿ ನಕ್ಕಿತು.

"ನೀವು ನಿಧಾನ ಮಾಡಿದಿರಿ" ಎಂದು ಹೇಳಿ ಮುಗಿಸಲು ಹೊರಟಿದ್ದೆ. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ, "ಮೇಡಂ, ತೋಟದಿಂದ ಒಂದೊಂದೇ ಅಡಿಕೆ ಕೊನೆ ಹೊತ್ತು ತಂದ್ರೆ ಹೀಗೇ ಆಗೋದು" ಎಂದ. ಕೂಡುವವರು ಸುಮ್ಮನೆ ಕೂತಿದ್ದರು. ಸಮಯವೆಲ್ಲ ನಡಿಗೆಗೆ ಹೋಗಿತ್ತು. ಒಂದು ಹಾಳೆಗೆ 20 ಸಂಖ್ಯೆ ಬರೆದು ಮತ್ತೆ ಆಡಿಸಿದಾಗ ನಾಲ್ಕು ಬೆಂಚುಗಳೇ ಗೆದ್ದವು.

ಎರಡನೆಯ ಅವಧಿ: ಸಮೀಕರಣ

ಚೀಟಿ ಚಿಕ್ಕದಿರಲಿ ದೊಡ್ಡದಿರಲಿ, ನಡಿಗೆಯ ಸಮಯ ತಪ್ಪುವುದಿಲ್ಲ. ಕಂಪ್ಯೂಟರಿನಲ್ಲಿ ಇದು ವಿಳಂಬ. ಅದರ ಮೇಲೆ, ಸಂದೇಶ ದೊಡ್ಡದಾದಷ್ಟೂ ಸಮಯ ಕೂಡುತ್ತದೆ. ಅಳೆಯುವ ಸಾಮಾನ್ಯ ಪರೀಕ್ಷೆಯ ಹೆಸರು ಪಿಂಗ್‌ಪಾಂಗ್: ಒಂದು ಕಂಪ್ಯೂಟರ್ ಸಂದೇಶ ಕಳಿಸುತ್ತದೆ, ಇನ್ನೊಂದು ಅದನ್ನು ಹಿಂದಿರುಗಿಸುತ್ತದೆ. ಹೀಗೆ ಅನೇಕ ಬಾರಿ ಮಾಡಿ, ಸರಾಸರಿ ತೆಗೆದು, ಅರ್ಧ ಮಾಡಿದರೆ ಒಂದು ಕಡೆಯ ಸಮಯ ಸಿಗುತ್ತದೆ.

ಪಾಠಕ್ಕಾಗಿ ನಾನೇ ಇಟ್ಟುಕೊಂಡ ಅಂಕಿಗಳಿವು (x: ಕಿಲೋಬೈಟ್, y: ಮೈಕ್ರೋಸೆಕೆಂಡ್):

ತಂತ್ರಾಂಶ ಅ: y = 2 + x
ತಂತ್ರಾಂಶ ಆ: y = 6 + 0.5x

ಆದೇಶ ವಿಧಾನದಿಂದ 2 + x = 6 + 0.5x; x = 8, y = 10. ಸಂದೇಶ 8 ಕಿಲೋಬೈಟ್‌ಗಿಂತ ಚಿಕ್ಕದಾದರೆ 'ಅ' ಬೇಗ, ದೊಡ್ಡದಾದರೆ 'ಆ' ಬೇಗ. ಹಾಗಾಗಿ "ಯಾವುದು ಒಳ್ಳೆಯದು?" ಎನ್ನುವ ಮೊದಲು "ನಮ್ಮ ಲೆಕ್ಕ ಎಷ್ಟು ದೊಡ್ಡ ಸಂದೇಶಗಳನ್ನು, ಎಷ್ಟು ಸಲ ಕಳಿಸುತ್ತದೆ?" ಎಂದು ಕೇಳಬೇಕು. ಇಬ್ಬರ ನಡುವಿನ ಪರೀಕ್ಷೆಯೂ ಸಾಲದು. ಕಂಪ್ಯೂಟರ್‌ಗಳ ಸಂಖ್ಯೆ ಹೆಚ್ಚಿಸುತ್ತಾ, ನಿಜವಾದ ಪ್ರೋಗ್ರಾಮನ್ನೇ ಓಡಿಸಿ ನೋಡಬೇಕು.

ಮೌಲ್ಯಮಾಪನ

1. 4 ಕಿಲೋಬೈಟ್‌ನ ಒಂದು ಸಂದೇಶಕ್ಕೆ ಯಾವ ತಂತ್ರಾಂಶ ಆರಿಸುವಿರಿ? ಏಕೆ?
2. 1 ಕಿಲೋಬೈಟ್‌ನ 20 ಸಂದೇಶಗಳನ್ನು ಒಂದರ ನಂತರ ಒಂದರಂತೆ 'ಆ' ಮೂಲಕ ಕಳಿಸಲು ಎಷ್ಟು ಸಮಯ? ಅವನ್ನೇ ಸೇರಿಸಿ 20 ಕಿಲೋಬೈಟ್‌ನ ಒಂದೇ ಸಂದೇಶ ಮಾಡಿದರೆ? (ಉತ್ತರ: 130, 16 ಮೈಕ್ರೋಸೆಕೆಂಡ್)

ಆತ್ಮಾವಲೋಕನ

ಫಲಿತಾಂಶವನ್ನು ಮೊದಲೇ ಬರೆದಿಟ್ಟುಕೊಂಡದ್ದು ನನ್ನ ತಪ್ಪು. ದಾಖಲೆ ಪುಸ್ತಕದಲ್ಲಿ ಆ ಸಾಲನ್ನು ಅಳಿಸದೆ, ಅದರ ಕೆಳಗೇ ನಡೆದದ್ದನ್ನು ಬರೆದಿದ್ದೇನೆ. ಈ ಪಾಠ ಮಾಡುವ ಸಹ ಪ್ರಶಿಕ್ಷಣಾರ್ಥಿಗಳಲ್ಲಿ ಒಂದು ವಿನಂತಿ: ಮೊದಲ ಸುತ್ತಿನಲ್ಲಿ ನಾಲ್ಕು ಬೆಂಚುಗಳು ಸೋಲಲಿ. ಏಕೆ ಸೋತೆವೆಂದು ಮಕ್ಕಳೇ ಹೇಳುವವರೆಗೆ ಕಪ್ಪುಹಲಗೆಯ ಮೇಲೆ ಸಮೀಕರಣ ಬರೆಯಬೇಡಿ.