ಫಿಲ್ಟರ್ ಹೊಸದು, ಡ್ರಿಪ್ ಮಾತ್ರ ಬಂದ್: ಏನು ಮಾಡಬೇಕು?

ಕನಕಪುರ, ಮಾಗಡಿ ಕಡೆಯ ಹಿಪ್ಪುನೇರಳೆ ತೋಟಗಳಲ್ಲಿ, ಚನ್ನಪಟ್ಟಣದ ತೆಂಗಿನ ತೋಟಗಳಲ್ಲಿ ಡ್ರಿಪ್ ಕಟ್ಟಿಕೊಂಡರೆ ಬಹಳ ಮಂದಿ ಮೊದಲು ಫಿಲ್ಟರ್ ಬದಲಿಸುತ್ತಾರೆ, ಆಮೇಲೆ ಡ್ರಿಪ್ಪರ್‌ಗೆ ಪಿನ್ನು ಚುಚ್ಚುತ್ತಾರೆ. ಫಿಲ್ಟರ್ ಹಿಡಿಯುವುದು ಮರಳು, ಕಸವನ್ನು. ಕರಗಿದ ಸುಣ್ಣದಂಶ ಅದರೊಳಗಿಂದ ಸಲೀಸಾಗಿ ದಾಟುತ್ತದೆ. ಬೋರ್‌ವೆಲ್‌ನ ಗಡಸು ನೀರು ಬಿಸಿಲಿಗೆ ಕಾದು, ಡ್ರಿಪ್ಪರ್ ಬಾಯಲ್ಲಿ ಆರಿದಾಗ ಅದೇ ಸುಣ್ಣ ಕಲ್ಲಾಗಿ ಕೂರುತ್ತದೆ. ಒಳಗಿನ ಅಂಕುಡೊಂಕು ದಾರಿಯ ಅಗಲ ಇರುವುದೇ ಸುಮಾರು ಒಂದು ಮಿಲಿಮೀಟರ್. ಪಿನ್ನು ಚುಚ್ಚಿದರೆ ಆ ದಾರಿ ಹರಿದು ಅಲ್ಲಿ ನೀರು ಸುರಿಯುತ್ತದೆ, ಸಾಲಿನ ಕೊನೆ ಒಣಗುತ್ತದೆ. ದಯವಿಟ್ಟು ಚುಚ್ಚಬೇಡಿ.

ಮೊದಲು ಅಳೆಯಿರಿ. ಸಾಲಿನ ತಲೆ, ನಡು, ಕೊನೆಯ ಡ್ರಿಪ್ಪರ್‌ಗಳ ಕೆಳಗೆ ಲೋಟ ಇಟ್ಟು 6 ನಿಮಿಷ ಬಿಡಿ. ಗಂಟೆಗೆ 4 ಲೀಟರ್‌ನ ಡ್ರಿಪ್ಪರ್ ಆದರೆ 400 ಮಿ.ಲೀ. ಬರಬೇಕು. ಕೊನೆಯಲ್ಲಿ ಕಡಿಮೆ ಬಂದರೆ ಅಲ್ಲಿನ ಹಿಪ್ಪುನೇರಳೆ ಸೊಪ್ಪು ಬಡವಾಗುತ್ತದೆ, ಅದನ್ನು ತಿನ್ನುವ ರೇಷ್ಮೆ ಹುಳು ಒಂದೇ ಸಮ ಬೆಳೆಯುವುದಿಲ್ಲ. ರಾಮನಗರದ ಗೂಡು ಮಾರುಕಟ್ಟೆಯಲ್ಲಿ ದರ ಇಳಿದಾಗ ಹುಳುವನ್ನೇ ದೂರುವವರು ಈ ಲೋಟ ಇಟ್ಟು ನೋಡಲಿ.

ಡ್ರಿಪ್ ಕಟ್ಟಿಸುವುದರಲ್ಲಿ ಗೊಬ್ಬರದ ಬಕೆಟ್‌ನ ಪಾಲೂ ಇದೆ. ಕ್ಯಾಲ್ಸಿಯಂ ನೈಟ್ರೇಟನ್ನು 12:61:0 ಜೊತೆಗೋ 0:0:50 ಜೊತೆಗೋ ಒಂದೇ ಬಕೆಟ್‌ನಲ್ಲಿ ಕಲಸಬೇಡಿ. ಬೇರೆಬೇರೆಯಾಗಿ ತಿಳಿಯಾಗಿ ಕರಗುವ ಇವು ಕೂಡಿದೊಡನೆ ಒಡೆದ ಹಾಲಿನ ಹಾಗೆ ಗಸಿಯಾಗುತ್ತವೆ. ಎರಡನೆಯದರಿಂದ ಹುಟ್ಟುವುದು ಜಿಪ್ಸಂ. ಅದು ಆಸಿಡ್‌ಗೂ ಸುಲಭಕ್ಕೆ ಬಿಡುವುದಿಲ್ಲ. ಕೊಡುವುದಿದ್ದರೆ ಬೇರೆ ಬೇರೆ ದಿನ ಕೊಡಿ. ಯಾವ ಗೊಬ್ಬರವೇ ಇರಲಿ, ನಿಮ್ಮದೇ ಬೋರ್ ನೀರಿನಲ್ಲಿ, ಕೊಡುವ ಪ್ರಮಾಣದಲ್ಲೇ ಕರಗಿಸಿ ಗಾಜಿನ ಬಾಟಲಿಗೆ ತುಂಬಿ ಎರಡು ಗಂಟೆ ಇಡಿ. ಬೆಳಕಿಗೆ ಹಿಡಿದಾಗ ಮಸುಕಾಗಿ ಕಂಡರೆ, ತಳದಲ್ಲಿ ಬಿಳಿ ಕೂತಿದ್ದರೆ ಅದನ್ನು ಪೈಪಿಗೆ ಗೊಬ್ಬರ ಎಳೆಯುವ ವೆಂಚುರಿಗೆ ಹಾಕಬೇಡಿ. ಗೊಬ್ಬರ ಮುಗಿದ ಕೂಡಲೇ ಮೋಟರ್ ಆಫ್ ಮಾಡುವುದೂ ತಪ್ಪು. ಪೈಪಿನ ಕೊನೆಯವರೆಗೆ ಗೊಬ್ಬರ ಇನ್ನೂ ಇರುತ್ತದೆ. 15–20 ನಿಮಿಷ ಬರಿ ನೀರು ಬಿಡಿ.

ಈಗಾಗಲೇ ಕಟ್ಟಿದ್ದರೆ ಡ್ರಿಪ್ಪರ್ ಬಾಯಲ್ಲಿ ಕೂತ ಬಿಳಿ ಪೊರೆಯ ಮೇಲೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಹನಿ ಬಿಡಿ. ನೊರೆ ಬಂದರೆ ಸುಣ್ಣ. ಆಸಿಡ್ ಚಿಕಿತ್ಸೆ ಫಲಿಸುತ್ತದೆ. ಗ್ಲೌಸ್, ಕನ್ನಡಕ ಹಾಕಿಕೊಂಡು ನೀರಿಗೆ ಆಸಿಡ್ ಸುರಿಯಿರಿ, ಆಸಿಡ್‌ಗೆ ನೀರು ಖಂಡಿತ ಬೇಡ. ಬ್ಲೀಚಿಂಗ್ ಪೌಡರ್ ಹತ್ತಿರಕ್ಕೂ ತರಬೇಡಿ, ವಿಷಗಾಳಿ ಏಳುತ್ತದೆ. ಕೊನೆಯ ಡ್ರಿಪ್ಪರ್‌ನ ನೀರು ಪಿಎಚ್ ಪೇಪರ್‌ನಲ್ಲಿ 4ರ ಸುತ್ತ ತೋರುವವರೆಗೆ ಆ ಆಸಿಡ್ ನೀರನ್ನು ವೆಂಚುರಿಯಿಂದ ಬಿಟ್ಟು, ಬಂದ್ ಮಾಡಿ ಒಂದು ದಿನ ಬಿಡಿ. ಮರುದಿನ ಮೊದಲು ಸಬ್‌ಮೇನ್ ಫ್ಲಶ್ ಮಾಡಿ, ಆಮೇಲೆ ಒಂದು ಸಲಕ್ಕೆ ನಾಲ್ಕೈದು ಸಾಲುಗಳ ಎಂಡ್ ಕ್ಯಾಪ್ ಮಾತ್ರ ತೆರೆಯುತ್ತಾ ಹೋಗಿ. ಎಲ್ಲವನ್ನೂ ಒಟ್ಟಿಗೆ ತೆರೆದರೆ ಒತ್ತಡ ಸಾಲದು. ಲೋಟ ಮತ್ತೆ ಇಡಿ. ಆಗಲೂ ಬಾರದಿದ್ದರೆ ಆ ತುಂಡು ಕತ್ತರಿಸಿ ಹೊಸ ಪೈಪ್ ಸೇರಿಸಿ.