ತಾಯಿಚಿಟ್ಟೆಯ ಪರೀಕ್ಷೆ



ಜಂಗಮಕೋಟೆಯ ಸುತ್ತ ರೇಷ್ಮೆಹುಳು ಸಾಕುವ ನಿಮಗೆ ಗಂಟುರೋಗದ ಹೆಸರು ಹೊಸದಲ್ಲ. ಒಂದೇ ತಟ್ಟೆಯ ಹುಳುಗಳು ಕೆಲವು ದೊಡ್ಡವು, ಕೆಲವು ಚಿಕ್ಕವು. ಸೊಪ್ಪು ಮುಟ್ಟುವುದಿಲ್ಲ, ಗೂಡು ಕಟ್ಟುವ ಮುಂಚೆಯೇ ಸಾಯುತ್ತವೆ. ದೃಷ್ಟಿಯಾಯಿತೆನ್ನುವವರೂ ಉಂಟು.

ಫ್ರಾನ್ಸ್ ದೇಶದ ರೇಷ್ಮೆ ಸೀಮೆಯೂ ಹಿಂದೆ ಇದೇ ರೋಗದಿಂದ ಹಾಳಾಗಿತ್ತು. 1865ರಲ್ಲಿ ಲೂಯಿ ಪಾಶ್ಚರ್ ಅಲ್ಲಿಗೆ ಹೋದರು. ಅವರು ರಸಾಯನಶಾಸ್ತ್ರ ಬಲ್ಲವರು, ಹುಳು ಸಾಕಿದವರಲ್ಲ! ಐದು ವರ್ಷ ದುಡಿದು, ರೋಗವು ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿಯುವುದೆಂದು ತೋರಿಸಿಕೊಟ್ಟರು.

ಅವರ ಉಪಾಯವೇ ಇಂದಿಗೂ ಬಿತ್ತನೆ ಕೋಠಿಗಳಲ್ಲಿದೆ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಆ ರಸದ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಸುಮಾರು 600 ಪಟ್ಟು ಹಿರಿದಾಗಿಸುವ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೊಟ್ಟೆಯಾಕಾರದ ಹೊಳೆಯುವ ಕಣಗಳು ಕಂಡರೆ ಆ ಚಿಟ್ಟೆಯ ಮೊಟ್ಟೆಗಳನ್ನೆಲ್ಲ ಸುಡಬೇಕು. ನಾನು ಕಲಿಯುವಾಗ ಕೊಬ್ಬಿನ ಹನಿಗಳನ್ನೇ ರೋಗಾಣುವೆಂದು ಬರೆದು ಬೈಸಿಕೊಂಡಿದ್ದೆ. ಕೊಬ್ಬಿನ ಹನಿ ದುಂಡಗೆ, ಚಿಕ್ಕದು ದೊಡ್ಡದು ಬೆರೆತಿರುತ್ತದೆ. ರೋಗಾಣುಗಳು ಉದ್ದುಂಡಾಗಿ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರುತ್ತವೆ.

ರೋಗ ಹೊಕ್ಕ ಹುಳುವಿಗೆ ಮದ್ದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ನೆಂಟರ ಮನೆಯಿಂದ ಮೊಟ್ಟೆ ತರುವ ಮುನ್ನ, ತಾಯಿಚಿಟ್ಟೆಯನ್ನು ಪರೀಕ್ಷಿಸಿದ್ದಾರೆಯೇ ಎಂದು ಕೇಳಿ.