ಬ್ರೇಕರ್ ಬೀಳಲಿಲ್ಲವೆಂಬ ಸುಳ್ಳು ನೆಮ್ಮದಿ

ಅಮೆರಿಕದ ಮರೀನಾಗಳಲ್ಲಿ ಬೋಟು ಕಟ್ಟಿಕೊಂಡಿರುವವರಲ್ಲಿ ಹೆಚ್ಚಿನವರು ದಡದಿಂದ ಬೋಟಿಗೆ ಕರೆಂಟು ತರುವ ಶೋರ್ ಪವರ್ ಕಾರ್ಡಿನ ತಪ್ಪು ಜಾಗವನ್ನು ತಿಕ್ಕುತ್ತಾರೆ. ಹಳದಿ ಹೊದಿಕೆಯನ್ನು ಸೋಪುನೀರಿನಲ್ಲಿ ತೊಳೆದು, ಒರೆಸಿ, ಪಾಲಿಶ್ ಹಚ್ಚಿ, ಅಂದವಾಗಿ ಸುರುಳಿ ಸುತ್ತಿದರೆ ವರ್ಷದ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ತೊಳೆಯುವುದು ಬೇಡವೆಂದು ನಾನು ಹೇಳುತ್ತಿಲ್ಲ. ಕೊಳೆ ಹೋದರೆ ಸಿಪ್ಪೆ ಬಿರಿದಿರುವುದೋ ಕೊಯ್ದಿರುವುದೋ ಕಣ್ಣಿಗೆ ಬೀಳುತ್ತದೆ, ಅಷ್ಟು ಲಾಭವಿದೆ. ಆದರೆ ಕಾರ್ಡು ಸಾಮಾನ್ಯವಾಗಿ ಸುಡುವುದು ನಡುವೆ ಅಲ್ಲ, ತುದಿಗಳಲ್ಲಿ: ಡಾಕಿನ ಮೇಲಿನ ಕರೆಂಟು ಕಂಬವಾದ ಪೆಡೆಸ್ಟಲ್‌ಗೆ ಸಿಕ್ಕಿಸುವ ಕಡೆ ಮತ್ತು ಬೋಟಿನ ಇನ್‌ಲೆಟ್‌ಗೆ ಕೂರುವ ಕಡೆ. ಸುಡತೊಡಗಿದಾಗ ನಮ್ಮನ್ನು ಎಚ್ಚರಿಸಬೇಕಾದ ಬ್ರೇಕರಿಗೆ ಅದು ಗೊತ್ತೇ ಆಗುವುದಿಲ್ಲ. ಕಾರ್ಡಿನ ಆರೈಕೆ ಎಂದರೆ ಈ ತುದಿಗಳ ಆರೈಕೆ, ಉಳಿದದ್ದು ಅಲಂಕಾರ ಎಂಬುದು ನನ್ನ ವಾದ.

ಲೆಕ್ಕ ಹಾಕಿಯೇ ನೋಡೋಣ. ಅಲ್ಲಿನ ಸಾಮಾನ್ಯ ಕಾರ್ಡು 30 ಆಂಪ್, 120 ವೋಲ್ಟಿನದು, 50 ಅಡಿ ಉದ್ದ, ಒಳಗೆ 10 ಗೇಜ್ ತಾಮ್ರದ ತಂತಿ. ಕರೆಂಟು ಹೋಗಿ ಬರುವ ದಾರಿ 100 ಅಡಿ, ಅದರ ಒಟ್ಟು ರೋಧ ಹೆಚ್ಚುಕಡಿಮೆ 0.1 ಓಮ್. 1500 ವಾಟಿನ ರೂಮ್ ಹೀಟರ್ ಒಂದೇ 12.5 ಆಂಪ್ ಎಳೆಯುತ್ತದೆ. ಜೊತೆಗೆ ನೀರು ಕಾಯಿಸುವ ಹೀಟರೂ ಬ್ಯಾಟರಿ ಚಾರ್ಜರೂ ಸೇರಿದರೆ, ಗಂಟೆಗಟ್ಟಲೆ ಎಳೆಯಬಹುದಾದ 24 ಆಂಪ್ ಮಿತಿ, ಅಂದರೆ 30ರ ಶೇಕಡ 80, ಮುಟ್ಟುವುದು ಸುಲಭ. ಆಗ ತಂತಿಯಲ್ಲಿ ಹುಟ್ಟುವ ಶಾಖ ಸುಮಾರು 58 ವಾಟ್. ಅದು 50 ಅಡಿ ಉದ್ದಕ್ಕೂ ಹರಡಿಹೋಗುವುದರಿಂದ ಕೈಗೆ ಹೆಚ್ಚು ತಾಗುವುದಿಲ್ಲ. ಈಗ ಪ್ಲಗ್ಗಿನ ಒಂದು ಅಲಗಿಗೆ ಕಿಲುಬು ಹಿಡಿದು, ಅಲ್ಲೊಂದೇ ಕಡೆ ಇನ್ನೂ 0.1 ಓಮ್ ರೋಧ ಸೇರಿತು ಅಂದುಕೊಳ್ಳಿ. ಮತ್ತೊಂದು 58 ವಾಟ್ ಶಾಖ ಬೆರಳಗಲದ ಲೋಹದ ಪಟ್ಟಿಯಲ್ಲಿ, ಗಾಳಿಯಾಡದ ರಬ್ಬರಿನೊಳಗೆ ಕೂಡಿಹಾಕಿದಂತಾಯಿತು. ಬೋಟಿನೊಳಗೆ ಕಡಿಮೆಯಾಗುವ ವೋಲ್ಟೇಜು ಇನ್ನೊಂದು 2.4 ಮಾತ್ರ. ದೀಪ ಮಂಕಾದದ್ದೂ ತಿಳಿಯುವುದಿಲ್ಲ.

ಮುಂದಿನದು ಸಾಮಾನ್ಯವಾಗಿ ಚಳಿಗಾಲದ ರಾತ್ರಿ, ಹೀಟರ್ ಬಿಡುವಿಲ್ಲದೆ ಓಡುವಾಗ ನಡೆಯುತ್ತದೆ. ಬೋಟು ಅಲೆಗೆ ತೊನೆದಂತೆಲ್ಲ ಕಾರ್ಡು ಪ್ಲಗ್ಗನ್ನು ಜಗ್ಗುತ್ತದೆ. ಬಿಗಿಯುವ ಉಂಗುರವನ್ನು ತಿರುಗಿಸದೆ ಹಾಗೇ ಬಿಟ್ಟಿದ್ದರೆ ಆ ಭಾರವೆಲ್ಲ ತೆಳು ಅಲಗುಗಳ ಮೇಲೆ. ಅಲಗು ಕೂದಲೆಳೆಯಷ್ಟು ಸಡಿಲವಾಗುತ್ತದೆ, ಆ ಸಂದಿಗೆ ಉಪ್ಪಿನ ತೇವ ಇಳಿಯುತ್ತದೆ, ಅಲಗು ಕಾಯುತ್ತದೆ. ಕಾದ ಅಲಗು ತನ್ನನ್ನು ಹಿಡಿದುಕೊಂಡಿರುವ ಸಾಕೆಟ್ಟಿನ ಸ್ಪ್ರಿಂಗ್ ಪಟ್ಟಿಯನ್ನೂ ಕಾಯಿಸುತ್ತದೆ. ಪಟ್ಟಿ ಬಿಗಿ ಕಳೆದುಕೊಂಡಷ್ಟೂ ರೋಧ ಹೆಚ್ಚು, ರೋಧ ಹೆಚ್ಚಿದಷ್ಟೂ ಕಾವು ಹೆಚ್ಚು. ಪ್ಲಗ್ಗಿನ ಮುಖ ಒಂದು ಅಲಗಿನ ಸುತ್ತ ಮೊದಲು ಜೇನಿನ ಬಣ್ಣಕ್ಕೆ, ಆಮೇಲೆ ಕಂದುಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಕೊನೆಗೆ ಇದ್ದಿಲಾಗುತ್ತದೆ. ಇದ್ದಿಲಿನ ಮೇಲೆ ಕರೆಂಟು ಹರಿಯಬಲ್ಲದು, ಅಲ್ಲಿಂದ ಕಿಡಿಗೆ ದೂರವಿಲ್ಲ. ಇಷ್ಟಾದರೂ ಬ್ರೇಕರ್ ಬಿದ್ದಿರುವುದಿಲ್ಲ. ಅದು ಲೆಕ್ಕ ಇಡುವುದು ಕರೆಂಟಿನದು. ಕೆಟ್ಟ ಸಂಪರ್ಕದಿಂದ ಕರೆಂಟು ಹೆಚ್ಚುವುದಿಲ್ಲ, ತುಸು ಕಡಿಮೆಯೇ ಆಗುತ್ತದೆ. ನಮ್ಮ ಮನೆಗಳಲ್ಲಿ ಗೀಸರಿನ ಪ್ಲಗ್ಗು ಒಂದು ಕಡೆ ಕರಕಲಾಗಿದ್ದರೂ ಎಂಸಿಬಿ ಜಪ್ಪಯ್ಯ ಎಂದರೂ ಬೀಳದೆ ಕೂತಿರುತ್ತದಲ್ಲ, ಹಾಗೆಯೇ ಇದು. ಸೋರಿಕೆ ಪತ್ತೆಹಚ್ಚುವ 30 ಮಿಲಿಆಂಪಿನ ಸಾಧನವಿದೆಯಲ್ಲ ಎನ್ನುವವರಿದ್ದಾರೆ. ಅದು ಕರೆಂಟು ದಾರಿತಪ್ಪಿ ನೀರಿಗೆ ಇಳಿಯದಂತೆ ಕಾಯುತ್ತದೆ. ಸಿಹಿನೀರಿನ ಮರೀನಾಗಳಲ್ಲಿ ಈಜುವವರ ಪ್ರಾಣ ಅದರ ಮೇಲೆ ನಿಂತಿದೆ, ಅದು ಇರಲೇಬೇಕು. ಆದರೆ ಸರಿದಾರಿಯಲ್ಲೇ ಹರಿಯುತ್ತ ಪ್ಲಗ್ಗನ್ನು ಬೇಯಿಸುವ ಕರೆಂಟು ಅದರ ಕಣ್ಣಿಗೂ ಬೀಳದು.

ಕಪ್ಪಾದ ಅಲಗನ್ನು ಎಮರಿ ಪೇಪರಿನಿಂದ ಉಜ್ಜಿ ಮಿರುಗಿಸಿದರೆ ಸಾಲದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಾಲದು. ಉಜ್ಜಿದಾಗ ಹಿತ್ತಾಳೆಯ ಮೇಲಿನ ಲೇಪವೂ ಹೋಗುತ್ತದೆ, ಬರಿ ಹಿತ್ತಾಳೆಗೆ ಉಪ್ಪುಗಾಳಿಯಲ್ಲಿ ಇನ್ನಷ್ಟು ಬೇಗ ಕಿಲುಬು ಹತ್ತುತ್ತದೆ. ತೇವ ಓಡಿಸುವ ಸ್ಪ್ರೇಯ ಮಾತು ಬೇರೆ. ಒಳ್ಳೆಯ ಸಂಪರ್ಕವನ್ನು ಒಳ್ಳೆಯದಾಗಿಯೇ ಉಳಿಸಲು ಅದು ನಿಜಕ್ಕೂ ನೆರವಾಗುತ್ತದೆ, ಬಿಗಿ ಕಳೆದುಕೊಂಡ ಸ್ಪ್ರಿಂಗಿಗೆ ಮಾತ್ರ ಬಿಗಿ ತಂದುಕೊಡಲಾರದು. ಇಡೀ ಕಾರ್ಡು ಎಸೆಯುವ ಬದಲು ಸುಟ್ಟ ತುದಿ ಕತ್ತರಿಸಿ ಹೊಸ ಪ್ಲಗ್ಗು ಹಾಕಿಸಬಾರದೇ ಎಂದರೆ, ಧಾರಾಳವಾಗಿ ಹಾಕಿಸಬಹುದು, ಕತ್ತರಿಸಿದ ಕಡೆ ತಾಮ್ರ ಕೆಂಪಗೆ ಹೊಳೆಯುತ್ತಿದ್ದರೆ. ಕಪ್ಪಾಗಿದ್ದರೆ ತೇವ ತಂತಿಯೊಳಕ್ಕೇ ಏರಿದೆ ಎಂದರ್ಥ. ಆಗ ಉಳಿಸುವ ಕಾಸು ದಂಡ.

ನನಗೆ ಸಿಟ್ಟು ಬರುವುದು ಮರೀನಾ ಆಫೀಸಿನ ಉತ್ತರಕ್ಕೆ. ಪ್ಲಗ್ಗು ಸುಟ್ಟರೆ ಅವರಿಗೆ ಅದು ಎಂದೆಂದಿಗೂ ಬೋಟಿನವನ ಕಾರ್ಡಿನದೇ ದೋಷ. ಕಾರ್ಡಿನದೂ ಇರಬಹುದು, ಒಪ್ಪೋಣ. ಆದರೆ ಸಂಪರ್ಕ ಎನ್ನುವುದು ಎರಡು ಲೋಹಗಳ ನಡುವಿನ ವ್ಯವಹಾರ. ಒಂದು ಕಡೆ ಬೆಂದಿದ್ದರೆ ಇನ್ನೊಂದು ಕಡೆಗೂ ಕಾವು ತಟ್ಟಿಯೇ ಇರುತ್ತದೆ. ಬೆಂದ ಸಾಕೆಟ್ಟನ್ನು ಪೆಡೆಸ್ಟಲ್‌ನಲ್ಲಿ ಹಾಗೇ ಬಿಟ್ಟು ಹೊಸ ಕಾರ್ಡು ತಾ ಎಂದರೆ, ಹೊಸ ಕಾರ್ಡೂ ಅದೇ ಹಾದಿ ಹಿಡಿಯುತ್ತದೆ. ಜಾಗ ಬದಲಾಯಿಸಿ ಅದೇ ಪ್ಲಗ್ಗನ್ನು ಇನ್ನೊಂದು ಪೆಡೆಸ್ಟಲ್‌ಗೆ ಸಿಕ್ಕಿಸಿದರೆ ಅಲ್ಲಿನ ಒಳ್ಳೆಯ ಸಾಕೆಟ್ಟೂ ಹಾಳು. ಈಗ ಬಂದಿರುವ, ಸಂಪರ್ಕದ ಜಾಗ ಹೆಚ್ಚಿರುವ ಹೊಸ ಬಗೆಯ ಇನ್‌ಲೆಟ್ಟನ್ನು ಹಾಕಿಸಿಕೊಂಡವರೂ ಬೀಗಬೇಕಿಲ್ಲ. ಅದು ಸುಧಾರಿಸುವುದು ಬೋಟಿನ ಕಡೆಯ ತುದಿಯನ್ನು. ಡಾಕಿನ ಕಡೆ ಉಳಿಯುವುದು ಅದೇ ಹಳೆಯ ತಿರುಗಿಸುವ ಪ್ಲಗ್ಗು.

ಹಾಗಾದರೆ ಮಾಡಬೇಕಾದದ್ದೇನು? ಹೆಚ್ಚೇನಿಲ್ಲ. ಭಾರೀ ಲೋಡು ಹಾಕಿ ಒಂದು ಗಂಟೆ ಕಳೆದ ಮೇಲೆ ಎರಡೂ ತುದಿಗಳ ರಬ್ಬರಿನ ಮೈಯನ್ನು ಒಣ ಕೈಯಿಂದ ಮುಟ್ಟಿ ನೋಡಿ. ಒಂದು ತುದಿ ಕಾರ್ಡಿನ ಮೈಗಿಂತ ಬಿಸಿಯಾಗಿದ್ದರೆ ಲೋಡು ತೆಗೆದು, ಬ್ರೇಕರ್ ಆಫ್ ಮಾಡಿ, ಬಿಚ್ಚಿ, ಅಲಗು ಮತ್ತು ಸಾಕೆಟ್ ಎರಡನ್ನೂ ಟಾರ್ಚ್ ಬಿಟ್ಟು ಪರೀಕ್ಷಿಸಿ. ಲೋಡಿನ ಮೇಲೆ ಎಳೆದರೆ ಕಿಡಿ ಹಾರಿ ಅಲಗಿಗೆ ಗುಳಿ ಬೀಳುತ್ತದೆ. ಸಿಕ್ಕಿಸುವಾಗ ಬೋಟಿನ ಕಡೆ ಮೊದಲು, ಬಿಚ್ಚುವಾಗ ಡಾಕಿನ ಕಡೆ ಮೊದಲು. ಹೀಗಾದರೆ ಜೀವಂತ ತುದಿ ನೀರಿಗೆ ಬೀಳುವ ಭಯವಿಲ್ಲ. ತುದಿ ಸಮುದ್ರದ ನೀರಿಗೆ ಬಿದ್ದೇಬಿಟ್ಟರೆ ಸಿಹಿನೀರಿನಲ್ಲಿ ಚೆನ್ನಾಗಿ ಜಾಲಿಸಿ, ಕೊಡವಿ, ಪೂರ್ತಿ ಒಣಗಿಸಿ, ತೇವ ಓಡಿಸುವ ಸ್ಪ್ರೇ ಹೊಡೆದ ನಂತರವೇ ಮತ್ತೆ ಬಳಸಿ. ಮಿಕ್ಕ ಉದ್ದವನ್ನು ಲೋಡಿನಲ್ಲಿರುವಾಗ ಗುಪ್ಪೆಯಾಗಿ ಸುತ್ತಿಡಬೇಡಿ. ಕಂದುಬಣ್ಣ ಕಂಡರೆ ಚೌಕಾಸಿಯಿಲ್ಲ: ಆ ಪ್ಲಗ್ಗೂ ಅದು ಕೂತಿದ್ದ ಸಾಕೆಟ್ಟೂ ಎರಡೂ ಹೋಗಬೇಕು. ಪೆಡೆಸ್ಟಲ್ಲಿನ ಸಾಕೆಟ್ಟನ್ನು ಬದಲಾಯಿಸಬೇಕಾದದ್ದು ಮರೀನಾದವರು. ಅದನ್ನು ಫೋಟೋ ಸಮೇತ ಬರವಣಿಗೆಯಲ್ಲೇ ಕೇಳಿ, ಬದಲಾಗುವ ತನಕ ಆ ಪೆಡೆಸ್ಟಲ್‌ಗೆ ನಿಮ್ಮ ಹೊಸ ಕಾರ್ಡನ್ನು ಸಿಕ್ಕಿಸಬೇಡಿ.